ಬೆಕ್ಕಿನ ಮರಿಗೆ ಬಟ್ಟಲು ಹಾಲು ಬೇಡ

(ಮಹಿಳಾ ವಿಭಾಗದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣ)



ಕಳೆದ ಸಲ ಇಲ್ಲೇ ನಿಂತು ಆನ್‌ಲೈನ್ ಬ್ಯಾಂಕಿಂಗ್ ಮೋಸಗಳ ಬಗ್ಗೆ ಮಾತಾಡಿದ್ದೆ. ಈ ಸಲ ಬೆಕ್ಕಿನ ಮರಿಯ ಹೊಟ್ಟೆಯ ಬಗ್ಗೆ ಎಂದಾಗ ಕಾರ್ಯದರ್ಶಿಯವರು ಫೋನಿನಲ್ಲೇ ನಕ್ಕುಬಿಟ್ಟರು. ನಗಲಿ. ಆದರೆ ಮಳೆಗಾಲ ಬಂದರೆ ನಮ್ಮೆಲ್ಲರ ಬಿಲ್ಡಿಂಗಿನ ಮೆಟ್ಟಿಲ ಕೆಳಗೂ ಒಂದು ಮರಿ ಕಿರುಚುತ್ತದೆ. ಮಕ್ಕಳು ಎತ್ತಿಕೊಂಡು ಬರುತ್ತಾರೆ. ಆಮೇಲಿನದೆಲ್ಲ ನಮ್ಮ ತಲೆಗೆ.

ಬೈಕುಲ್ಲಾದ ನಮ್ಮ ಹಳೆಯ ಬಿಲ್ಡಿಂಗಿನಲ್ಲಿ ಕಳೆದ ಜುಲೈ ತಿಂಗಳಲ್ಲಿ ಮೀಟರ್ ಬಾಕ್ಸಿನ ಹಿಂದೆ ಎರಡು ಮರಿ ಸಿಕ್ಕವು. ಒಂದು ಬೂದು, ಒಂದು ಕೇಸರಿ. ಕಣ್ಣು ಬಿಟ್ಟಿದ್ದವು, ನಡೆದರೆ ತೂರಾಡುತ್ತಿದ್ದವು. ತಾಯಿ ಬರಬಹುದೆಂದು ಸಂಜೆಯವರೆಗೂ ಕಾದೆವು, ಬರಲಿಲ್ಲ. ಮಗಳು ಫ್ರಾಕಿನಲ್ಲಿ ಸುತ್ತಿಕೊಂಡು ಮೇಲೆ ತಂದಳು. ವಾಸನೆ ಬರುತ್ತಿತ್ತೆಂದು ನಾನು ನಲ್ಲಿಯ ಕೆಳಗೆ ಹಿಡಿದು ತೊಳೆದೆ. ಪ್ಯಾಕೆಟ್ ಹಾಲಿಗೆ ನೀರು ಬೆರೆಸಿ ಫಿಲ್ಲರಿನಲ್ಲಿ ಕುಡಿಸಿದೆ. ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಕೇಳಿ ಬೆಳೆದ ನಮಗೆ ಬೆಕ್ಕು ಎಂದರೆ ಹಾಲು, ಅಷ್ಟೇ.

ಮಾಡಿದ್ದು ಎರಡೂ ತಪ್ಪು.

ನಾನು ಎಂ.ಟೆಕ್. ಓದಿ ದಿನವಿಡೀ ಡೇಟಾ ನೋಡುವವಳು. ಅಭ್ಯಾಸಬಲದಿಂದ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಎಕ್ಸೆಲ್ ಶೀಟಿನಲ್ಲಿ ಬರೆದಿಟ್ಟೆ. ಕೇಸರಿ 280 ಗ್ರಾಂ, ಬೂದು 265. ಮರುದಿನ ಎರಡಕ್ಕೂ ಹಳದಿ ನೀರಿನಂಥ ಭೇದಿ. ಸಂಜೆ ತೂಗಿದರೆ 270 ಮತ್ತು 240. ದಿನಕ್ಕೆ ಹತ್ತು ಗ್ರಾಮಾದರೂ ಏರಬೇಕಾದ ವಯಸ್ಸಿನಲ್ಲಿ ಅದು ಇಳಿಯುತ್ತಿತ್ತು. ಬರೆದುಕೊಂಡೆ, ಆದರೆ ಅರ್ಥ ಮಾಡಿಕೊಳ್ಳಲಿಲ್ಲ. ಹೊಟ್ಟೆ ಕೆಟ್ಟಿದೆ, ಸರಿಹೋಗುತ್ತದೆ ಅಂದುಕೊಂಡೆ. ಆ ರಾತ್ರಿ ಆಫೀಸಿನ ರಿಲೀಸ್ ಇತ್ತು, ಕಾಲ್ ಮುಗಿದಾಗ ಬೆಳಗಿನ ಜಾವ ನಾಲ್ಕು. ಬೂದು ಮರಿ ತಣ್ಣಗಾಗಿತ್ತು. ಮಗಳಿಗೆ ಏನು ಹೇಳುವುದೆಂದು ಯೋಚಿಸುತ್ತ ಬೆಳಗಾಗುವವರೆಗೆ ಹಾಗೇ ಕೂತಿದ್ದೆ.

ಉಳಿದದ್ದನ್ನು ಕರೆದುಕೊಂಡು ಲೋಕಲ್‌ನಲ್ಲಿ ಪರೇಲ್‌ಗೆ ಓಡಿದೆ, ಬೈಕುಲ್ಲಾದಿಂದ ಮೂರೇ ಸ್ಟೇಷನ್. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ಪಾರ್ಸಿ ದಾನಿಗಳ ಹೆಸರಿನ ಬಾಯಿ ಸಾಕರಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆ ಇರುವುದು ಅಲ್ಲಿ. 1886ರಲ್ಲಿ ಶುರುವಾದ ಮುಂಬಯಿ ಪಶುವೈದ್ಯ ಕಾಲೇಜೂ ಪರೇಲ್‌ನಲ್ಲೇ ಇದೆ.

ಡಾಕ್ಟರಮ್ಮ ಮೊದಲು ನೋಡಿದ್ದು ಹೊಟ್ಟೆಯನ್ನಲ್ಲ, ಮೈ ಬಿಸಿಯನ್ನು. ಇಷ್ಟು ಸಣ್ಣ ಮರಿ ತನ್ನ ಮೈಯನ್ನು ತಾನೇ ಬೆಚ್ಚಗಿಟ್ಟುಕೊಳ್ಳಲಾರದು. ಮೈ ತಣ್ಣಗಿದ್ದರೆ ಹೊಟ್ಟೆಗೆ ಹೋದದ್ದು ಜೀರ್ಣವಾಗುವುದಿಲ್ಲ. ಅದಕ್ಕೇ ಮೊದಲು ಕಾವು, ಆಮೇಲೆ ಆಹಾರ. ನಮ್ಮ ರಾಣಿಬಾಗ್‌ನಲ್ಲಿ ಪೆಂಗ್ವಿನ್‌ಗಳನ್ನು ತಣ್ಣನೆಯ ಕೋಣೆಯಲ್ಲಿಟ್ಟು ಸಾಕುತ್ತಾರಲ್ಲ, ಇಲ್ಲಿ ಅದರ ಉಲ್ಟಾ: ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ರಟ್ಟಿನ ಡಬ್ಬದ ಒಂದು ಬದಿಗೆ, ಸೆಕೆಯಾದರೆ ಮರಿ ಸರಿದುಕೊಳ್ಳಲು ಇನ್ನೊಂದು ಬದಿ ಖಾಲಿ.

ಹಾಲಿನ ವಿಷಯ. ತಾಯಿಬೆಕ್ಕಿನ ಹಾಲಿಗೆ ಹೋಲಿಸಿದರೆ ದನದ ಹಾಲಿನಲ್ಲಿ ಪ್ರೋಟೀನು ಕಡಿಮೆ, ಲ್ಯಾಕ್ಟೋಸ್ ಎಂಬ ಸಕ್ಕರೆ ಜಾಸ್ತಿ. ಅದು ಅರಗದೆ ಕರುಳಿನೊಳಗೆ ನೀರೆಳೆದುಕೊಂಡು ಭೇದಿಯಾಗುತ್ತದೆ. ನೀರು ಬೆರೆಸಿದರೆ ಇರುವ ಸತ್ವವೂ ಹೋಯಿತು. ಬೆಕ್ಕಿನ ಮರಿಗಳಿಗೆಂದೇ ಹಾಲಿನ ಪುಡಿ ಸಿಗುತ್ತದೆ. ಮೂರು ನಾಲ್ಕು ಗಂಟೆಗೊಮ್ಮೆ, ಉಗುರುಬೆಚ್ಚಗೆ, ಹೊಟ್ಟೆ ಕೆಳಗೆ ಮಾಡಿ ಕೂರಿಸಿ ಕುಡಿಸಬೇಕು. ನಮ್ಮ ಮಕ್ಕಳ ಹಾಗೆ ಅಂಗಾತ ಮಲಗಿಸಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ.

ಭೇದಿ ನಿಂತಿತು. ಆಮೇಲೆ ಎರಡು ದಿನ ಏನೂ ಇಲ್ಲ, ಹೊಟ್ಟೆ ತಂಬೂರಿ. ಇಷ್ಟು ಎಳೆಯ ಮರಿ ತಾನಾಗಿ ಹೊರಗೆ ಹೋಗಲಾರದು, ತಾಯಿ ನೆಕ್ಕಿ ನೆಕ್ಕಿ ಹೊರಡಿಸುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದರು. ಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ, ಪ್ರತಿ ಸಲ ಹಾಲು ಕುಡಿಸಿದ ಮೇಲೆ, ಹಗುರಾಗಿ ಒರೆಸಬೇಕು. ನನ್ನ ಕೈ ನಡುಗುತ್ತಿತ್ತು. ನಮ್ಮ ಅತ್ತೆ ಕುಂದಾಪುರದ ಕಡೆಯವರು, ಮಡಿ ಜಾಸ್ತಿ. ಬೆಕ್ಕು ಅಡುಗೆಮನೆ ಹೊಸ್ತಿಲು ದಾಟಕೂಡದೆಂದು ಮೊದಲ ದಿನವೇ ತಾಕೀತು ಮಾಡಿದ್ದರು. ರಾತ್ರಿ ಎರಡು ಗಂಟೆಗೆ ಎದ್ದು ಬಂದು, "ಕೊಡು ಇಲ್ಲಿ, ನಿನ್ನ ಗಂಡನಿಗೆ ಮಾಡದ್ದೇನು ಇದು" ಅಂತ ಮರಿಯನ್ನು ಮಡಿಲಿಗೆ ಹಾಕಿಕೊಂಡರು. ಐದು ನಿಮಿಷದಲ್ಲಿ ಕೆಲಸ ಆಯಿತು. ಆ ಹೊತ್ತಿನಲ್ಲೇ ಮತ್ತೆ ಸ್ನಾನ ಮಾಡಿದರು, ಅದು ಬೇರೆ ಮಾತು.

ಜಂತುಹುಳು ತಾಯಿಯ ಹಾಲಿನಿಂದಲೇ ಬರುತ್ತದಂತೆ. ಹಾಗಾಗಿ ಎರಡು ವಾರಕ್ಕೊಮ್ಮೆ ತೂಕ ನೋಡಿ ಔಷಧಿ ಕೊಟ್ಟರು. ಮೂರನೇ ಡೋಸಿನ ಮರುದಿನ ಟ್ರೇಯಲ್ಲಿ ಶಾವಿಗೆಯಂಥದು ಬಿದ್ದಿತ್ತು. ನಮ್ಮ ಮನೆಯಲ್ಲಿ ತಿಂಗಳುಗಟ್ಟಲೆ ಶಾವಿಗೆ ಉಪ್ಪಿಟ್ಟು ನಿಂತುಹೋಯಿತು.

ಇನ್ನು ಶುಚಿ. ಸ್ನಾನ ಬೇಡ, ಬೆಚ್ಚಗಿನ ಒದ್ದೆ ಬಟ್ಟೆಯಲ್ಲಿ ಒರೆಸಿ ತಕ್ಷಣ ಒಣಗಿಸಿ. ಚಿಗಟಕ್ಕೆ ಹೇನಿನ ಬಾಚಣಿಗೆ ಸಾಕು. ನಾಯಿಗೆ ಹಾಕುವ ಚಿಗಟದ ಔಷಧಿಯಲ್ಲಿ ಪರ್ಮೆಥ್ರಿನ್ ಇದ್ದರೆ ಬೆಕ್ಕಿಗೆ ವಿಷ. ನಾವು ಧಾರಾಳವಾಗಿ ಬಳಸುವ ಫಿನೈಲ್, ನೀರಿಗೆ ಹಾಕಿದರೆ ಬೆಳ್ಳಗಾಗುವ ಆಂಟಿಸೆಪ್ಟಿಕ್, ಇವೂ ಹಾಗೇ: ನೆಲ ತುಳಿದ ಕಾಲನ್ನು ಬೆಕ್ಕು ನೆಕ್ಕುತ್ತದೆ. ನಮ್ಮ ಮನೆಯಲ್ಲಿ ಈಗ ಸೋಪಿನ ನೀರು. ಟ್ರೇಗೆ ಹರಿದ ಹಳೆ ಪೇಪರ್. ಒದ್ದೆಯಾದರೆ ಗಟ್ಟಿಯಾಗುವ ಮರಳು ಮರಿಗಳಿಗೆ ಬೇಡ, ಸಿಕ್ಕಿದ್ದೆಲ್ಲ ಬಾಯಿಗೆ ಹಾಕುತ್ತವೆ. ಉಂಡ ತಕ್ಷಣ ಟ್ರೇಯಲ್ಲಿ ಬಿಡಿ, ತಾನೇ ಕಲಿಯುತ್ತದೆ. ಕಲಿಯುವ ಮೊದಲು ನಮ್ಮವರ ಆಫೀಸ್ ಶೂ ಒಂದು ಹೋಯಿತು.

ಅಷ್ಟರಲ್ಲಿ ಐದು ತಿಂಗಳ ಬಸುರಿ ನಾದಿನಿ ಡೊಂಬಿವಲಿಯಿಂದ ಬರುವವಳಿದ್ದಳು. ಬೆಕ್ಕಿನಿಂದ ಹೊಟ್ಟೆಯ ಮಗುವಿಗೆ ಕೇಡೆಂದು ಯಾರೋ ಹೇಳಿದರು, ಮನೆಯಲ್ಲಿ ರಾದ್ಧಾಂತ. ಟೊಕ್ಸೊಪ್ಲಾಸ್ಮಾ ಎಂಬ ಸೋಂಕು ಇರುವುದು ನಿಜ. ಆದರೆ ಬೆಕ್ಕಿನ ಮಲ ಹೊರಬಿದ್ದ ತಕ್ಷಣ ಅದು ಅಂಟುವುದಿಲ್ಲ, ಒಂದು ದಿನವಾದರೂ ಬೇಕು. ಆದ್ದರಿಂದ ಟ್ರೇಯನ್ನು ದಿನವೂ ಬೇರೆಯವರು ತೆಗೆದು ಕೈ ತೊಳೆದುಕೊಂಡರೆ ಸರಿ. ಸರಿಯಾಗಿ ಬೇಯದ ಮಾಂಸ, ತೊಳೆಯದ ಸೊಪ್ಪಿನಿಂದಲೂ ಅದೇ ಸೋಂಕು ಬರಬಹುದು. ನಾದಿನಿ ತನ್ನ ಡಾಕ್ಟರನ್ನೂ ಕೇಳಿಕೊಂಡೇ ಬಂದಳು. ಟ್ರೇ ಕೆಲಸ ನಮ್ಮವರಿಗೆ ಹೋಯಿತು, ಇಂದಿಗೂ ಅವರದೇ.

ಒಂದು ಮಾತು ಮಾತ್ರ ಜೋರಾಗಿ ಹೇಳುತ್ತೇನೆ. ಸಣ್ಣ ಮರಿಗೆ ಭೇದಿಯ ಜೊತೆ ಹಾಲು ಬೇಡವಾದರೆ, ಬಾಯೊಳಗೆ ತಣ್ಣಗಿದ್ದರೆ, ರಕ್ತ ಕಂಡರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ. ನಾಳೆ ನೋಡೋಣ ಎಂದದ್ದು ನಾನು. ನಮ್ಮ ಮಾತ್ರೆಗಳನ್ನು ಕೊಡಲೇಬೇಡಿ. ಪ್ಯಾರಾಸಿಟಮಾಲ್ ಬೆಕ್ಕನ್ನು ಕೊಲ್ಲುತ್ತದೆ. ಪರಚಿದರೆ, ಕಚ್ಚಿದರೆ ಸೋಪು ಹಾಕಿ ಹದಿನೈದು ನಿಮಿಷ ತೊಳೆದು ರೇಬಿಸ್ ಚುಚ್ಚುಮದ್ದಿಗೆ ಆಸ್ಪತ್ರೆಗೆ ಹೋಗಿ.

ಕೇಸರಿ ಈಗ ಮೂರೂವರೆ ಕಿಲೋ, ಅತ್ತೆಯ ಮಂಚದ ಮೇಲೆಯೇ ನಿದ್ದೆ. ಅಡುಗೆಮನೆ ಹೊಸ್ತಿಲು ಇನ್ನೂ ದಾಟಿಲ್ಲ, ಅತ್ತೆ ನೋಡುತ್ತಿರುವಾಗ. ಎಕ್ಸೆಲ್ ಶೀಟಿನಲ್ಲಿ ಬೂದು ಮರಿಯ ಕಾಲಂ ತೆಗೆದಿಲ್ಲ, ಎರಡೇ ಸಂಖ್ಯೆ.

ಹಿಂದಿನ ಮೇಜಿನ ಮೇಲೆ ನಮ್ಮ ತಕ್ಕಡಿ, ಫಿಲ್ಲರ್, ಹಾಲಿನ ಪುಡಿಯ ಡಬ್ಬ ಇಟ್ಟಿದ್ದೇನೆ. ಮರಿ ತಂದುಕೊಂಡವರು ಯಾರಾದರೂ ಇದ್ದರೆ ಚಹಾ ಹೊತ್ತಿನಲ್ಲಿ ಬನ್ನಿ, ಕುಡಿಸುವ ರೀತಿ ತೋರಿಸುತ್ತೇನೆ.