ಬೆಳಕನ್ನು ಬಲ್ಲವರು: ಛಾಯಾಗ್ರಾಹಕ ಎಸ್. ರಾಮಚಂದ್ರ

(ಕೋಯಂಬೇಡಿನಲ್ಲಿ ನಡೆದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಸಭೆಗಳಲ್ಲಿ ಕವಿಗಳನ್ನು ನೆನೆಯುವುದು ವಾಡಿಕೆ. ಏಕೀಕರಣಕ್ಕಾಗಿ ದುಡಿದವರನ್ನು ನೆನೆಯುವುದು ಕರ್ತವ್ಯ. ಚಿತ್ರನಟರನ್ನು ನೆನೆಯಿರೆಂದು ಯಾರೂ ಹೇಳಬೇಕಾಗಿಲ್ಲ. ಈ ಮೂರು ಪಂಕ್ತಿಗೂ ಸೇರದ ಒಬ್ಬರ ವಿಷಯವಾಗಿ ನಾವು ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ಬೆಳ್ಳಿತೆರೆಯ ಮೇಲೆ ಇಂಥವರ ಹೆಸರು ಎರಡು ಕ್ಷಣ ಬಂದು ಹೋಗುತ್ತದೆ. ಆ ಹೊತ್ತಿಗೆ ನಾವು ಕೂರಲು ಜಾಗ ಹುಡುಕುತ್ತಿರುತ್ತೇವೆ. ಅವರು ಛಾಯಾಗ್ರಾಹಕರಾದ ಎಸ್. ರಾಮಚಂದ್ರ, ರಾಮಚಂದ್ರ ಐತಾಳರೆಂದೂ ಅವರನ್ನು ಕರೆಯುತ್ತಿದ್ದರು.

ಈ ಮಾತಿಗೆ ಕೋಯಂಬೇಡು ತಕ್ಕ ಸ್ಥಳವೇ. ಹೊರಗಿನವರಿಗೆ ಇದು ತರಕಾರಿ ಮಾರುಕಟ್ಟೆ ಮತ್ತು 2002ರಲ್ಲಿ ತೆರೆದ ಬಸ್ ನಿಲ್ದಾಣದ ಊರು. ಆದರೆ ಇಲ್ಲಿಂದ ವಡಪಳನಿ ಎಷ್ಟು ದೂರ? ಎ.ವಿ.ಎಂ., ವಿಜಯ-ವಾಹಿನಿ ಸ್ಟುಡಿಯೋಗಳು ಅಲ್ಲೇ ಇದ್ದವು. ಪಕ್ಕದ ಸಾಲಿಗ್ರಾಮದಲ್ಲಿ ಪ್ರಸಾದ್ ಸಂಸ್ಥೆ. ವಾಹಿನಿ ಇದ್ದ ಜಾಗದಲ್ಲಿ ಇಂದು ಆಸ್ಪತ್ರೆ, ಮಾಲ್ ಎದ್ದಿವೆ. ಕನ್ನಡ ಚಿತ್ರರಂಗ ಬಹುಕಾಲ ಮದರಾಸಿನಲ್ಲಿಯೇ ಬಾಡಿಗೆಗಿತ್ತೆಂಬುದು ನಮ್ಮ ಹಿರಿಯರಿಗೆ ಗೊತ್ತಿರುವ ಸಂಗತಿ. ಕನ್ನಡ ಮಾತನಾಡುವ ಅರಮನೆ, ಕನ್ನಡ ಮಾತನಾಡುವ ಗುಡಿ, ಕನ್ನಡ ಮಾತನಾಡುವ ಹಳ್ಳಿ ಎಲ್ಲವನ್ನೂ ಹಲಗೆ, ಬಟ್ಟೆ, ಸುಣ್ಣಬಣ್ಣಗಳಿಂದ ಇಲ್ಲಿ ಕಟ್ಟುತ್ತಿದ್ದರು. ಸೂರ್ಯನ ಕೆಲಸವನ್ನು ಮೇಲಿನಿಂದ ತೂಗುವ ದೀಪಗಳು ಮಾಡುತ್ತಿದ್ದವು.

1970ರಲ್ಲಿ ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’ ಬಂದಿತು. ಆ ಚಿತ್ರದ ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್. 1973ರ ‘ಕಾಡು’ ಚಿತ್ರಕ್ಕೆ ಗೋವಿಂದ ನಿಹಲಾನಿಯವರು. ಕ್ಯಾಮೆರಾ ಸ್ಟುಡಿಯೋದ ಬಾಗಿಲು ದಾಟಿ ಅಗ್ರಹಾರಕ್ಕೆ, ಕಾಡಿಗೆ ಹೋಯಿತು. ಆ ದಾರಿಯಲ್ಲಿ ಬಹುದೂರ ನಡೆದ ಕನ್ನಡಿಗರು ರಾಮಚಂದ್ರ.

ಅವರ ಕೆಲಸದ ಪಟ್ಟಿಯನ್ನು ನೋಡಿರಿ. 1975ರಲ್ಲಿ ಬಿ. ವಿ. ಕಾರಂತರ ‘ಚೋಮನ ದುಡಿ’. 1976ರ ‘ಋಷ್ಯಶೃಂಗ’ ಚಿತ್ರದ ಛಾಯಾಗ್ರಹಣಕ್ಕೆ ರಾಷ್ಟ್ರಪ್ರಶಸ್ತಿ. 1977ರಲ್ಲಿ ಗಿರೀಶ ಕಾಸರವಳ್ಳಿಯವರ ಮೊದಲ ಚಿತ್ರ ‘ಘಟಶ್ರಾದ್ಧ’. ‘ಚೋಮನ ದುಡಿ’, ‘ಘಟಶ್ರಾದ್ಧ’ ಎರಡಕ್ಕೂ ಸ್ವರ್ಣಕಮಲ ದೊರೆಯಿತು. ಕಾಸರವಳ್ಳಿಯವರೊಡನೆ ಆ ಸಂಬಂಧ 2008ರ ‘ಗುಲಾಬಿ ಟಾಕೀಸ್’ವರೆಗೆ, ಮೂವತ್ತೊಂದು ವರ್ಷಗಳಾಚೆಗೂ ಉಳಿಯಿತು. 2011ರ ಜನವರಿಯಲ್ಲಿ ಅವರು ತೀರಿಕೊಂಡರು. ಕಾಸರವಳ್ಳಿಯವರ ‘ದ್ವೀಪ’ಕ್ಕಾಗಿ ರಾಷ್ಟ್ರಪ್ರಶಸ್ತಿ ಪಡೆದ ಎಚ್. ಎಂ. ರಾಮಚಂದ್ರ ಬೇರೆಯವರು, ಹೆಸರೊಂದೇ ಆದುದರಿಂದ ಒಬ್ಬರ ಕೀರ್ತಿಯನ್ನು ಇನ್ನೊಬ್ಬರಿಗೆ ಕಟ್ಟಬಾರದು.

ಈ ಕೆಲಸದಲ್ಲಿ ಕಷ್ಟವೇನು ಎಂದು ಕೇಳಬಹುದು. ನಮ್ಮ ಹಳ್ಳಿಯ ಮನೆಗಳನ್ನು ನೆನಪಿಗೆ ತಂದುಕೊಳ್ಳಿರಿ. ಅಂಗಳದಲ್ಲಿ ಕಣ್ಣು ಕುಕ್ಕುವ ಬಿಸಿಲು. ಹೊಸ್ತಿಲು ದಾಟಿದರೆ ನಡುಮನೆಯಲ್ಲಿ ಕತ್ತಲು. ನಮ್ಮ ಕಣ್ಣು ಒಂದು ಗಳಿಗೆಯಲ್ಲಿ ಹೊಂದಿಕೊಳ್ಳುತ್ತದೆ. ಫಿಲ್ಮಿಗೆ ಆ ತಾಳ್ಮೆಯಿಲ್ಲ. ಅಂಗಳಕ್ಕೆ ಅಳತೆ ಹಿಡಿದರೆ ಒಳಗಿರುವವರು ಮಸಿಯಾಗುತ್ತಾರೆ. ಒಳಗಿನವರಿಗೆ ಹಿಡಿದರೆ ಅಂಗಳ ಸುಣ್ಣದ ಗೋಡೆಯಾಗುತ್ತದೆ. ಹಣವಿದ್ದ ಕಡೆ ದೊಡ್ಡ ದೀಪಗಳನ್ನು ತಂದು ಎರಡನ್ನೂ ಸರಿದೂಗಿಸುತ್ತಾರೆ. ಆಗ ಎಲ್ಲವೂ ಕಾಣುತ್ತದೆ, ಆದರೆ ಮನೆ ಮನೆಯಾಗಿ ಉಳಿಯುವುದಿಲ್ಲ. ಚೋಮನ ಗುಡಿಸಲಿನಲ್ಲಿ ಹಗಲಿನಂಥ ದೀಪ ಹೊತ್ತಿಸಿದರೆ ಆ ಬಡತನವನ್ನು ಯಾರು ನಂಬುತ್ತಾರೆ? ಕತ್ತಲನ್ನು ಕತ್ತಲಾಗಿಯೇ ಬಿಟ್ಟು, ಅದರೊಳಗೆ ಒಂದು ಮುಖ ಕಾಣುವಷ್ಟು ಮಾತ್ರ ಬೆಳಕನ್ನು ಬಿಡುವುದು ವಿದ್ಯೆ. ರಾಮಚಂದ್ರರ ಕಪ್ಪು ಬಿಳುಪಿನ ಚಿತ್ರಗಳಲ್ಲಿ ನಾವು ಕಾಣುವುದು ಆ ಹದವನ್ನು.

ಶಂಕರನಾಗ್ ಆಗುಂಬೆಯಲ್ಲಿ ತೆಗೆದ ‘ಮಾಲ್ಗುಡಿ ಡೇಸ್’ ಎಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಬಂದಾಗ ಇಡೀ ದೇಶ ನೋಡಿತು. ಅದರ ಕ್ಯಾಮೆರಾವೂ ಇವರದೇ. ಆ ಕಥೆಗಳನ್ನು ಬರೆದ ಆರ್. ಕೆ. ನಾರಾಯಣ್ ಹುಟ್ಟಿದ್ದು ಈ ನಗರದಲ್ಲಿ, ಅಜ್ಜಿಯ ಬಳಿ ಬೆಳೆದದ್ದು ಪುರಸವಾಕದಲ್ಲಿ, ಬಾಳಿದ್ದು ಮೈಸೂರಿನಲ್ಲಿ. ಮದರಾಸಿನ ಮಗು ಮೈಸೂರಿನಲ್ಲಿ ಕುಳಿತು ಕಲ್ಪಿಸಿದ ಊರನ್ನು ಮಲೆನಾಡಿನ ಬೆಳಕಿನಲ್ಲಿ ತೋರಿಸಿದವರು ನಮ್ಮವರು. ಎರಡು ಊರುಗಳ ನಡುವೆ ಬಾಳುವ ನಮಗೆ ಇದಕ್ಕಿಂತ ಹತ್ತಿರದ ಸಂಗತಿ ಯಾವುದು?

ಇನ್ನು ನಮ್ಮ ಮನಸ್ಸಿನಲ್ಲಿರುವ ಮುಖ್ಯ ಮಾತು. ಹೊರನಾಡಿನಲ್ಲಿ ನೆಲೆಸಿದವರಿಗೆ ಊರು ದಿನದಿಂದ ದಿನಕ್ಕೆ ಸಿಹಿಯಾಗುತ್ತದೆ. ಮಕ್ಕಳಿಗೆ ನಾವು ಹೇಳುವ ಊರಿನಲ್ಲಿ ಮಳೆ, ಹಲಸಿನ ಹಣ್ಣು, ಅಜ್ಜಿಯ ಕೈತುತ್ತು ಇರುತ್ತವೆ. ಬೇರೆ ಏನೂ ಇರುವುದಿಲ್ಲ. ಅದೇ ಊರಿನಲ್ಲಿ ಸ್ವಂತ ಹೊಲ ಉಳುವ ಆಸೆಯಿಂದಲೇ ಸತ್ತ ಚೋಮನಿದ್ದ. ಬದುಕಿರುವಾಗಲೇ ತಂದೆಯ ಕೈಯಿಂದ ಶ್ರಾದ್ಧ ಮಾಡಿಸಿಕೊಂಡು, ತಲೆ ಬೋಳಿಸಿಕೊಂಡು ಮರದಡಿ ಕುಳಿತ ಯಮುನಕ್ಕ ಇದ್ದಳು. ರಾಮಚಂದ್ರರ ಕ್ಯಾಮೆರಾ ಊರಿಗೆ ಸಕ್ಕರೆ ಬೆರೆಸಲಿಲ್ಲ, ಮಸಿಯನ್ನೂ ಬಳಿಯಲಿಲ್ಲ. ಅಂಥ ಕಣ್ಣಿನಿಂದ ಊರನ್ನು ನೋಡಿದ ಮೇಲೂ ಉಳಿಯುವ ಪ್ರೀತಿಯೇ ನಿಜವಾದ ನಾಡಪ್ರೀತಿಯೆಂದು ನಾವು ಬಗೆದಿದ್ದೇವೆ.

ಆದರೆ ಈ ಚಿತ್ರಗಳು ತಾವಾಗಿಯೇ ಉಳಿಯುವುವಲ್ಲ. ಸೆಕೆಯಲ್ಲಿ, ತೇವದಲ್ಲಿ ಇಟ್ಟ ಹಳೆಯ ಫಿಲ್ಮು ಹುಳಿವಾಸನೆ ಹಿಡಿಯುತ್ತದೆ, ಸುರುಟಿಕೊಳ್ಳುತ್ತದೆ. ಆಮೇಲೆ ಅದರೊಳಗಿನ ಊರೂ ಇಲ್ಲ, ಜನರೂ ಇಲ್ಲ. ಸಮುದ್ರದ ಗಾಳಿ ಬೀಸುವ ಈ ನಗರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ‘ಘಟಶ್ರಾದ್ಧ’ದ ಮೂಲ ನೆಗೆಟಿವ್ ಪುಣೆಯ ಚಲನಚಿತ್ರ ಭಂಡಾರದಲ್ಲಿ ಉಳಿದಿದ್ದರಿಂದ ಅದನ್ನು ಹೊಸದಾಗಿಸಲು ಸಾಧ್ಯವಾಯಿತು, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಅದನ್ನು ತೋರಿಸಿದರು. ಅದನ್ನು ನೋಡಲು ರಾಮಚಂದ್ರ ಇರಲಿಲ್ಲ.

ವೆನಿಸ್ಸಿನವರು ನೋಡಿದ್ದನ್ನು ಕೋಯಂಬೇಡಿನ ಕನ್ನಡಿಗರು ನೋಡದಿರಬೇಕೆ? ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷು ಆಡುವ ನಮ್ಮ ಮಕ್ಕಳಿಗೆ ಕನ್ನಡ ಪುಸ್ತಕ ಬೇಗ ಒಲಿಯಲಾರದು. ಕಣ್ಣಿನ ದಾರಿ ಸುಲಭ. ವರ್ಷಕ್ಕೊಂದು ಇಂಥ ಚಿತ್ರವನ್ನು, ಹಕ್ಕುದಾರರ ಅನುಮತಿ ಪಡೆದು, ನಮ್ಮ ಸಂಘ ತೋರಿಸಲಿ. ಚಿತ್ರ ಮುಗಿದ ಮೇಲೆ ಹಿರಿಯರು ಕಿರಿಯರ ಪ್ರಶ್ನೆಗಳಿಗೆ ಉತ್ತರ ಹೇಳಲಿ. ಯಮುನಕ್ಕನ ವಿಷಯದಲ್ಲಿ ಉತ್ತರ ಕಷ್ಟವಾದರೂ ಹೇಳಲಿ. ದೀಪ ಆರಿಸುವ ಮುನ್ನ ನಿರ್ದೇಶಕರ ಹೆಸರಿನ ಜೊತೆಗೆ ಛಾಯಾಗ್ರಾಹಕರ ಹೆಸರನ್ನೂ ಗಟ್ಟಿಯಾಗಿ ಓದಲಿ.