ತುಟಿ ಹೊಲಿದ ಮೇಲೂ ಮೂಗು ಯಾಕೆ ಸೊಟ್ಟ?

(ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಆಡಿದ ಮಾತಿನ ಬರಹರೂಪ)



ಇತ್ತೀಚೆಗೆ ನಮ್ಮ ಒಂದು ಸಂಘಕ್ಕೆ ಸಾಲದ ಅರ್ಜಿ ಬಂತು. ಕಾರಣ ಬರೆಯುವ ಜಾಗದಲ್ಲಿ 'ಮಗಳ ಮೂಗಿನ ಆಪರೇಷನ್' ಎಂದಿತ್ತು. ಮಗಳಿಗೆ ಏಳು ವರ್ಷ. ಸೀಳುತುಟಿ, ಸೀಳು ಅಂಗುಳದೊಂದಿಗೆ ಹುಟ್ಟಿದ ಮಗು. ಐದು ತಿಂಗಳಿದ್ದಾಗ ತುಟಿ ಹೊಲಿದಿದ್ದಾರೆ, ವರ್ಷ ತುಂಬುವಾಗ ಅಂಗುಳವನ್ನೂ ಮುಚ್ಚಿದ್ದಾರೆ. ಆದರೂ ಎಡಗಡೆಯ ಹೊಳ್ಳೆ ಚಪ್ಪಟೆ, ಮೂಗು ವಾಲಿದ ಹಾಗೆ. ಶಾಲೆಯಲ್ಲಿ ಮಕ್ಕಳು 'ಸೊಟ್ಟಮೂಗಿ' ಅಂತಾರಂತೆ. "ಡಾಕ್ಟ್ರು ಸರಿಯಾಗಿ ಹೊಲೀಲಿಲ್ಲ ಸಿಸ್ಟರ್" ಎಂದು ಆ ತಾಯಿ ಕಣ್ಣೀರಿಟ್ಟರು. ಯಾರೋ ಒಬ್ಬರು, ಎಂಬತ್ತು ಸಾವಿರ ಕೊಟ್ಟರೆ ಈಗಲೇ ನೆಟ್ಟಗೆ ಮಾಡಿಸಿಕೊಡುತ್ತೇವೆ ಎಂದಿದ್ದರಂತೆ. ಕೊಡೋದೋ ಬೇಡವೋ ಎಂದು ಸಂಘದವರು ನನ್ನನ್ನು ಕೇಳಿದರು.

ಉತ್ತರ ಹೇಳುವ ಮೊದಲು, ಎಲ್ಲರೂ ಒಮ್ಮೆ ನಿಮ್ಮ ಮೂಗು ಮುಟ್ಟಿ ನೋಡಿ. ನಾಚಿಕೆ ಬೇಡ. ಎರಡು ಕಣ್ಣುಗಳ ನಡುವೆ ಗಟ್ಟಿಯಾಗಿ ಸಿಗುತ್ತದಲ್ಲ, ಅದು ಮೂಗಿನ ಮೂಳೆ, ಎರಡು ಸಣ್ಣ ತುಂಡುಗಳು. ಹಾಗೇ ಬೆರಳು ಕೆಳಗೆ ಜಾರಿಸಿ. ಅರ್ಧ ದಾರಿಯಲ್ಲಿ ಮೂಳೆ ಮುಗಿದು ಮೆತ್ತಗಾಗುತ್ತದೆ. ಅಲ್ಲಿಂದ ತುದಿಯವರೆಗೆ ಇರುವುದು ಮೃದ್ವಸ್ಥಿ, ನಮ್ಮ ಕಿವಿಯಲ್ಲಿ ಇರುವಂಥದ್ದೇ. ಇನ್ನು ಇಡೀ ಮೂಗು ಕೂತಿರುವ ಪೀಠ ಯಾವುದು? ಮೇಲ್ದವಡೆಯ ಮೂಳೆ. ಬಾಯಿಗೆ ಅದು ಚಾವಣಿ, ಮೂಗಿಗೆ ನೆಲ. ಅಟ್ಟದ ಹಲಗೆ ಇದ್ದ ಹಾಗೆ.

ಸೀಳಿದ ಮಗುವಿನಲ್ಲಿ ಕಣ್ಣಿನ ನಡುವಿನ ಆ ಗಟ್ಟಿ ಮೂಳೆ ಸಾಮಾನ್ಯವಾಗಿ ಇದ್ದೇ ಇರುತ್ತದೆ, ಅದು ಸೀಳಿರುವುದಿಲ್ಲ. ತೊಂದರೆ ಇರುವುದು ಪೀಠದಲ್ಲಿ. ಸೀಳಿರುವ ಕಡೆ ವಸಡಿನ ಮೂಳೆ ಕೂಡಿರುವುದಿಲ್ಲ, ಅಲ್ಲಿ ತಗ್ಗು. ಒಂದು ಕಡೆ ಅಡಿಪಾಯ ಕುಸಿದರೆ ಮೇಲಿನ ಗೋಡೆ ನೆಟ್ಟಗೆ ನಿಲ್ಲುತ್ತದೆಯೇ? ಆ ಕಡೆಯ ಹೊಳ್ಳೆ ಹಿಂದಕ್ಕೆ ಸರಿದು ಕೆಳಗಿಳಿಯುತ್ತದೆ. ಇದರ ಜೊತೆ ಇನ್ನೊಂದಿದೆ. ಬಾಯಿ ಸುತ್ತ ಬಳೆಯ ಹಾಗೆ ಒಂದು ಸ್ನಾಯು ಇರುತ್ತದೆ. ತುಟಿ ಸೀಳಿದಾಗ ಈ ಬಳೆ ಒಡೆದು, ಒಂದು ತುದಿ ಸೀಳಿದ ಕಡೆಯ ಹೊಳ್ಳೆಯ ಬುಡಕ್ಕೆ ಅಂಟಿ ಹೊರಗೆ ಎಳೆಯುತ್ತದೆ. ಇನ್ನೊಂದು ತುದಿ ಮೂಗಿನ ನಡುಗೋಡೆಯ ಬುಡವನ್ನು ಒಳ್ಳೆಯ ಪಕ್ಕಕ್ಕೆ ಎಳೆಯುತ್ತದೆ. ಮಗು ಗರ್ಭದಲ್ಲಿ ಇರುವಾಗಲೇ ಈ ಎಳೆದಾಟ ನಡೆದಿರುತ್ತದೆ. ಹೀಗಾಗಿ ನಡುಗೋಡೆ ಬಾಗುತ್ತದೆ, ಮೂಗಿನ ತುದಿ ಅಗಲವಾಗುತ್ತದೆ. ಎಷ್ಟೋ ಮಕ್ಕಳಿಗೆ ಒಂದು ಹೊಳ್ಳೆಯಲ್ಲಿ ಉಸಿರು ಸರಿಯಾಗಿ ಆಡದಿರುವುದು ಇದರಿಂದಲೇ. ಎರಡೂ ಕಡೆ ಸೀಳಿದ್ದರೆ ಮೂಗು ಅಷ್ಟೊಂದು ವಾಲುವುದಿಲ್ಲ. ಆದರೆ ಹೊಳ್ಳೆಗಳ ನಡುವಿನ ಕಂಬ ತೀರಾ ಗಿಡ್ಡ, ತುದಿ ಚಪ್ಪಟೆ, ನಡುವಿನ ವಸಡು ಮುಂದಕ್ಕೆ ಚಾಚಿರುತ್ತದೆ.

ಹಾಗಾಗಿ ತುಟಿ ಹೊಲಿದ ಡಾಕ್ಟರನ್ನು ಬೈಯಬೇಡಿ. ತುಟಿ ಹೊಲಿಯುವಾಗಲೇ ಹೊಳ್ಳೆಯನ್ನೂ ಆದಷ್ಟು ಎತ್ತಿ ಕೂರಿಸುತ್ತಾರೆ. ಆದರೆ ಕೆಳಗಿನ ಮೂಳೆಯ ತಗ್ಗು ಹಾಗೇ ಉಳಿದಿರುತ್ತದಲ್ಲ, ಮಗು ಬೆಳೆದ ಹಾಗೆ ಮೂಗು ಮತ್ತೆ ಆ ಕಡೆ ಇಳಿಯುವುದುಂಟು.

ಇದಕ್ಕೆ ಒಂದು ಕ್ರಮವಿದೆ. ತುಟಿ ಮೂರರಿಂದ ಆರು ತಿಂಗಳೊಳಗೆ. ಹತ್ತು ವಾರ ತುಂಬಿರಬೇಕು, ಮಗು ಸುಮಾರು ನಾಲ್ಕೂವರೆ ಕಿಲೋ ತೂಗಬೇಕು, ರಕ್ತದಲ್ಲಿ ಹಿಮೋಗ್ಲೋಬಿನ್ 10 ಇರಬೇಕು ಎಂಬುದು ವೈದ್ಯರ ಹಳೆಯ ಲೆಕ್ಕ. ಅಂಗುಳ ಒಂಬತ್ತು ತಿಂಗಳಿಂದ ಒಂದೂವರೆ ವರ್ಷದೊಳಗೆ, ಮಾತು ಬಲಿಯುವ ಮೊದಲು. ಎಂಟರಿಂದ ಹನ್ನೊಂದು ವರ್ಷದ ನಡುವೆ, ಕೋರೆಹಲ್ಲು ಇಳಿಯುವ ಮುಂಚೆ, ಸೊಂಟದ ಮೂಳೆಯಿಂದ ಸ್ವಲ್ಪ ತೆಗೆದು ವಸಡಿನ ತಗ್ಗಿಗೆ ತುಂಬುತ್ತಾರೆ. ಇದು ಹಲ್ಲಿಗಷ್ಟೇ ಅಲ್ಲ, ಮೂಗಿನ ಪೀಠಕ್ಕೂ ಆಧಾರ. ಮೂಗನ್ನು ಪೂರ್ತಿ ತಿದ್ದುವುದು ಮುಖದ ಬೆಳವಣಿಗೆ ಮುಗಿದ ಮೇಲೆ: ಹುಡುಗಿಯರಿಗೆ ಹದಿನೈದು ಹದಿನಾರು, ಹುಡುಗರಿಗೆ ಹದಿನೇಳು ಹದಿನೆಂಟು. ಬೆಳೆಯುವ ಮೂಗಿನ ನಡುಗೋಡೆಯನ್ನು ಜಾಸ್ತಿ ಕತ್ತರಿಸಿದರೆ ಮುಖದ ಬೆಳವಣಿಗೆಗೇ ಪೆಟ್ಟು. ತುದಿಯ ಸಣ್ಣ ತಿದ್ದುಪಡಿ ಕೆಲವರಿಗೆ ಮೊದಲೇ ಮಾಡುತ್ತಾರೆ. ಅದನ್ನು ಸೀಳುತುಟಿಯ ತಜ್ಞರ ತಂಡ ನೋಡಿ ಹೇಳಬೇಕು, ಮಧ್ಯವರ್ತಿಗಳಲ್ಲ.

ಅಜ್ಜಿಯರ ಬಗ್ಗೆ ಒಂದು ಮಾತು. ಕೂಸಿಗೆ ಎಣ್ಣೆ ನೀರು ಹಾಕುವಾಗ ಮೂಗು ಹಿಂಡಿ ಹಿಂಡಿ ನೆಟ್ಟಗೆ ಮಾಡುತ್ತಾರಲ್ಲ, ಅದು ಸೀಳುತುಟಿಯ ಮಗುವಿಗೆ ಬೇಡ. ಹೊಲಿಗೆ ಹಾಕಿದ ಮೇಲಂತೂ ಬೇಡವೇ ಬೇಡ. ಆದರೆ ಅಜ್ಜಿ ಪೂರಾ ತಪ್ಪೂ ಅಲ್ಲ ನೋಡಿ! ಹುಟ್ಟಿದ ಮೊದಲ ವಾರಗಳಲ್ಲಿ ತಾಯಿಯ ಹಾರ್ಮೋನಿನ ಪ್ರಭಾವ ಇನ್ನೂ ಇರುವುದರಿಂದ ಕೂಸಿನ ಮೃದ್ವಸ್ಥಿ ಬಹಳ ಮೆತ್ತಗಿರುತ್ತದೆ. ಇದನ್ನೇ ಬಳಸಿಕೊಂಡು ದಂತವೈದ್ಯರು ಬಾಯೊಳಗೆ ಒಂದು ಪ್ಲೇಟು, ಅದಕ್ಕೆ ಮೂಗನ್ನು ಎತ್ತುವ ಸಣ್ಣ ಕೊಂಡಿ ಕೂರಿಸಿ, ವಾರ ವಾರ ಹೊಂದಿಸುತ್ತಾ ಆಪರೇಷನ್ನಿಗೆ ಮೊದಲೇ ಹೊಳ್ಳೆ ಎತ್ತುತ್ತಾರೆ. ಅದಕ್ಕೆ ಮಗುವನ್ನು ತಿಂಗಳೊಳಗೆ ಕರೆದೊಯ್ಯಬೇಕು. ಬಾಣಂತನ ಮುಗೀಲಿ ಅಂತ ಕಾದರೆ ಆ ಸಮಯ ಕಳೆದುಹೋಗುತ್ತದೆ.

ನನ್ನದೇ ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ಈ ಕೆಲಸಕ್ಕೆ ಬಂದ ಹೊಸತರಲ್ಲಿ ಒಂದು ಮಗುವಿಗೆ ತುಟಿ ಹೊಲಿಸಿ, "ಇನ್ನು ಎಲ್ಲಾ ಸರಿಹೋಯ್ತಮ್ಮ" ಎಂದು ಮನೆಗೆ ಕಳಿಸಿದೆ. ಅಂಗುಳದ ಕಡೆ ನಾನು ಗಮನ ಕೊಡಲಿಲ್ಲ. ಆರು ವರ್ಷ ಬಿಟ್ಟು ಆ ಹುಡುಗ ಸಿಕ್ಕಾಗ ಅವನ ಮಾತೆಲ್ಲ ಮೂಗಿನಿಂದಲೇ ಬರುತ್ತಿತ್ತು, ಕಿವಿ ಸೋರುತ್ತಿತ್ತು. ಆಮೇಲೆ ಅಂಗುಳ ಮುಚ್ಚಿದರೂ ಮಾತು ತಿದ್ದಲು ವರ್ಷಗಟ್ಟಲೆ ಸ್ಪೀಚ್ ಥೆರಪಿ ಬೇಕಾಯಿತು. ಆದ್ದರಿಂದ ಮಗು ಹುಟ್ಟಿದ ಕೂಡಲೇ ದೀಪ ಹಿಡಿದು ಬಾಯೊಳಗೆ ನೋಡಿ. ಹಾಲು ಮೂಗಿನಿಂದ ಬರುತ್ತಿದ್ದರೆ ಅನುಮಾನಪಡಿ. ಅಂಥ ಮಗುವಿಗೆ ಎದೆ ಚೀಪಲು ಶಕ್ತಿ ಸಾಲದು. ಹಾಲು ಹಿಂಡಿ, ಮಗುವಿನ ತಲೆ ಎತ್ತಿ ಹಿಡಿದು, ಒಳಲೆಯಲ್ಲಿ ಸ್ವಲ್ಪ ಸ್ವಲ್ಪವೇ ಕುಡಿಸಿ, ಆಗಾಗ ತೇಗು ಬರಿಸಿ.

ಇನ್ನು ಗ್ರಹಣದ ಮಾತು. "ಗ್ರಹಣದ ದಿನ ಈಳಿಗೆ ಮಣೆ ಮುಟ್ಟಿದಳು, ಅದಕ್ಕೇ ಮಗು ಹೀಗೆ" ಎಂದು ಸೊಸೆಯನ್ನು ದೂರುವ ಅತ್ತೆಯಂದಿರು ನಮ್ಮ ಸಂಘಗಳಲ್ಲೇ ಇದ್ದೀರಿ. ತುಟಿ ಕೂಡುವುದು ಗರ್ಭದ ನಾಲ್ಕರಿಂದ ಏಳನೇ ವಾರದೊಳಗೆ, ಅಂಗುಳ ಆರರಿಂದ ಒಂಬತ್ತನೇ ವಾರದೊಳಗೆ. ಎಷ್ಟೋ ಹೆಂಗಸರಿಗೆ ತಾನು ಬಸುರಿ ಎಂದೇ ಆಗ ತಿಳಿದಿರುವುದಿಲ್ಲ. ಜಗತ್ತಿನಲ್ಲಿ ಸುಮಾರು 700 ಮಕ್ಕಳಿಗೆ ಒಂದು ಮಗು ಹೀಗೆ ಹುಟ್ಟುತ್ತದೆ, ಗ್ರಹಣವೆಂದರೆ ಏನೆಂದು ತಲೆಕೆಡಿಸಿಕೊಳ್ಳದ ದೇಶಗಳಲ್ಲೂ. ವಂಶದ ಗುಣ, ಹತ್ತಿರದ ರಕ್ತಸಂಬಂಧದ ಮದುವೆ, ಫಿಟ್ಸಿಗೆ ಕೊಡುವ ಕೆಲವು ಮಾತ್ರೆ, ಹತೋಟಿಯಲ್ಲಿರದ ಸಕ್ಕರೆ ಕಾಯಿಲೆ, ಹೊಗೆಸೊಪ್ಪು ಇವು ಅಪಾಯ ಹೆಚ್ಚಿಸುತ್ತವೆ. ಬಹಳ ಸಲ ಒಂದೇ ಕಾರಣ ಅಂತ ಬೆಟ್ಟು ಮಾಡಲು ಆಗುವುದಿಲ್ಲ. ಫಿಟ್ಸ್ ಮಾತ್ರೆಯನ್ನು ಮಾತ್ರ ನೀವೇ ನಿಲ್ಲಿಸಬೇಡಿ, ಬಸುರಿಗೆ ಮೊದಲೇ ಡಾಕ್ಟರನ್ನು ಕೇಳಿ.

ದುಡ್ಡಿನ ಚಿಂತೆಯೇ? 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸೀಳುತುಟಿ, ಸೀಳು ಅಂಗುಳ ಸೇರಿದೆ. ಸ್ಮೈಲ್ ಟ್ರೈನ್ ಸಂಸ್ಥೆ ತನ್ನ ಜೊತೆಗಿರುವ ಆಸ್ಪತ್ರೆಗಳಲ್ಲಿ ಉಚಿತವಾಗಿ ಮಾಡಿಸುತ್ತದೆ. ಆಶಾ ಕಾರ್ಯಕರ್ತೆಯನ್ನೋ ಅಂಗನವಾಡಿ ಟೀಚರನ್ನೋ ಮೊದಲು ವಿಚಾರಿಸಿ.

ಆ ಎಂಬತ್ತು ಸಾವಿರದ ಸಾಲವನ್ನು ಸಂಘ ಕೊಡಲಿಲ್ಲ. ಬಸ್ಸಿನ ಖರ್ಚಿಗೆಂದು ಎರಡು ಸಾವಿರ ಕೊಟ್ಟಿತು. ತಾಯಿ ಮಗಳು ತಜ್ಞರ ಹತ್ತಿರ ಹೋಗಿ ಬಂದಿದ್ದಾರೆ. ಮುಂದಿನ ವರ್ಷ ವಸಡಿಗೆ ಮೂಳೆ ತುಂಬುತ್ತಾರಂತೆ, ಮೂಗು ಆಮೇಲೆ. "ಅಲ್ಲೀತನಕ ಶಾಲೇಲಿ ಏನು ಹೇಳ್ಲಿ ಸಿಸ್ಟರ್?" ಎಂದು ಆ ಹುಡುಗಿ ಕೇಳಿದಳು. ಬರುವ ಸೋಮವಾರ ನಾನು, ಸಂಘದ ಇಬ್ಬರು ಆ ಶಾಲೆಗೆ ಹೋಗುತ್ತಿದ್ದೇವೆ. ಬೇರೆ ಯಾರಾದರೂ ಜೊತೆಗೆ ಬರುವುದಾದರೆ ಹೆಸರು ಕೊಡಿ.