ಬಳಸುದಾರಿಯಲ್ಲಿ ಉಳಿದ ಚಿತ್ರ

ಸಂಗ್ರಾಹಕರ ಮನಸ್ಸು ಯಾವಾಗಲೂ ಶ್ರೇಷ್ಠವಾದುದನ್ನೇ ಅರಸುವುದಿಲ್ಲ. ಅನೇಕ ವೇಳೆ ಅನಾಥವಾದುದರ ಕಡೆಗೆ ವಾಲುತ್ತದೆ. 1945ರಲ್ಲಿ ಹಾಲಿವುಡ್ಡಿನ ಪಿ.ಆರ್.ಸಿ. ಎಂಬ ಬಡ ಸಂಸ್ಥೆಯೊಂದು ಹೊರತಂದ ‘ಡೀಟೂರ್’ ಎಂಬ ಅಪರಾಧ ಚಿತ್ರ ಇದಕ್ಕೊಂದು ನಿದರ್ಶನ. ಹೆಸರಿನ ಅರ್ಥ ಬಳಸುದಾರಿ. ನಿರ್ದೇಶಕ ಎಡ್ಗರ್ ಉಲ್ಮರ್. ಅವಧಿ 70 ನಿಮಿಷಕ್ಕೂ ಕಡಿಮೆ.

ನ್ಯೂಯಾರ್ಕಿನ ಪಿಯಾನೊ ವಾದಕನೊಬ್ಬ ತನ್ನ ಪ್ರೇಯಸಿಯನ್ನು ಸೇರಲು, ಸಿಕ್ಕವರ ಕಾರು ಹತ್ತಿ ಲಾಸ್ ಏಂಜಲೀಸಿಗೆ ಹೊರಡುತ್ತಾನೆ. ನಡುದಾರಿಯಲ್ಲಿ ಕಾರಿನ ಒಡೆಯ ಸಾಯುತ್ತಾನೆ. ಕೊಲೆಯ ಆರೋಪಕ್ಕೆ ಅಂಜಿ ಇವನು ಸತ್ತವನ ಹೆಸರನ್ನೇ ಧರಿಸುತ್ತಾನೆ. ಆ ಗುಟ್ಟನ್ನರಿತ ವೀರಾ ಎಂಬಾಕೆಯ ಕೈಗೆ ಸಿಕ್ಕಿಬೀಳುತ್ತಾನೆ. ಕಥೆ ಹೇಳುವವನು ಅವನೇ ಆದುದರಿಂದ, ಅವನ ಮಾತನ್ನು ಎಷ್ಟು ನಂಬಬೇಕೆಂಬ ಸಂಶಯ ಕೊನೆಗೂ ತೀರುವುದಿಲ್ಲ.

ಬಡತನ ಚಿತ್ರದಲ್ಲಿ ಎದ್ದು ಕಾಣುತ್ತದೆ. ನ್ಯೂಯಾರ್ಕಿನ ಬೀದಿಯನ್ನು ಕಟ್ಟಲು ಹಣವಿಲ್ಲದೆ ಎಲ್ಲವನ್ನೂ ಮಂಜಿನಲ್ಲಿ ಮುಚ್ಚಿದ್ದಾರೆ. ಪ್ರಯಾಣ ಪಶ್ಚಿಮಕ್ಕೆ ಸಾಗುತ್ತಿದೆಯೆಂದು ತೋರಿಸಲು ಕೆಲವು ದೃಶ್ಯಗಳನ್ನು ಎಡಬಲ ತಿರುವಿದ್ದರಿಂದ ಅಮೆರಿಕದ ಕಾರುಗಳ ಚಾಲಕರು ಬಲಗಡೆ ಕುಳಿತಂತೆ ಕಾಣುತ್ತಾರೆ. ನಮ್ಮ ರಸ್ತೆಗಳಿಗೆ ಒಗ್ಗಿದ ಕಣ್ಣಿಗೆ ಈ ತಪ್ಪು ಹೊಳೆಯುವುದೇ ಇಲ್ಲ!

28 ವರ್ಷಗಳ ಹಕ್ಕಿನ ಅವಧಿ ಮುಗಿದಾಗ ಅದನ್ನು ಯಾರೂ ನವೀಕರಿಸಲಿಲ್ಲ. ಯಾರದೂ ಅಲ್ಲದ ಚಿತ್ರ ಎಲ್ಲರದೂ ಆಯಿತು. ಪ್ರತಿಯ ಪ್ರತಿ, ಅದರ ಪ್ರತಿ ಎಂದು 16 ಮಿಲಿಮೀಟರ್ ಸುರುಳಿಗಳಲ್ಲಿ ಹಬ್ಬಿ, ಮುಖಗಳು ಮಸುಕಾಗಿ, ದನಿ ಒಡೆದು, ಹೇಗೋ ಬದುಕಿತು. 1992ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೂ ಸೇರಿತು. 2018ರಲ್ಲಿ ಅದನ್ನು ಜೀರ್ಣೋದ್ಧಾರ ಮಾಡಿದವರಿಗೆ ನೆರವಾದುದು ಬೆಲ್ಜಿಯಂನ ಚಿತ್ರಭಂಡಾರದಲ್ಲಿ ಉಳಿದಿದ್ದ ಪ್ರತಿ. ಅದರ ಮೇಲೆ ಅಚ್ಚಾಗಿದ್ದ ಫ್ರೆಂಚ್ ಮತ್ತು ಫ್ಲೆಮಿಷ್ ಅಡಿಬರಹಗಳನ್ನು ಅವರು ಯಂತ್ರದ ಸಹಾಯದಿಂದ ಅಳಿಸಿದರು.

ಹಳಗನ್ನಡ ಪಾಠ ಹೇಳಿದವನಿಗೆ ಇಲ್ಲಿ ಓಲೆಗರಿಯ ನೆನಪಾಗುವುದು ಸಹಜ. ಲಿಪಿಕಾರನ ತಪ್ಪನ್ನು ಸಂಪಾದಕ ತಿದ್ದಬೇಕು. ಕವಿಯ ತಪ್ಪನ್ನು ತಿದ್ದಬಾರದು. ‘ಡೀಟೂರ್’ ಚಿತ್ರದ ಧೂಳು ಹೋಯಿತು, ಗೀರು ಹೋಯಿತು. ಮಂಜು ಹಾಗೆಯೇ ಉಳಿಯಿತು, ಬಲಗಡೆಯ ಚಾಲಕನೂ ಉಳಿದ. ಆ ವಿವೇಕ ನನಗೆ ಮೆಚ್ಚುಗೆಯಾಯಿತು.

ಆದರೆ ಇಂಥ ವಿವೇಕಕ್ಕೆ ಎಡೆ ದೊರೆಯಬೇಕಾದರೆ ಮೊದಲು ಪ್ರತಿ ಉಳಿದಿರಬೇಕು. ಯಾವ ಪಂಡಿತನೂ ಬೆಲೆ ಕಟ್ಟದಿದ್ದ ದಿನಗಳಲ್ಲಿ ಆ ಸವೆದ ಸುರುಳಿಗಳನ್ನು ಕಾಪಾಡಿದವರು ಅನೇಕರು. ಸಂಗ್ರಾಹಕರ ಹುಚ್ಚನ್ನು ಕಂಡು ನಗುವ ನಾವು ಇದನ್ನು ನೆನೆಯಬೇಕು.